ಡಬಲ್ ಐಪಿಎ ಸಿಹಿ ಆಗೇತಿ, ಹಾಪ್ಸ್ ಘಮಾ ಎಲ್ಲಿ ಹೋತು?

ಪ್ರಶ್ನೆ (ಹುಬ್ಬಳ್ಳಿ): ಸರ್, ಲೈಸನ್ಸ್ ಇರೋ ಮೈಕ್ರೋಬ್ರೂವರಿ ಒಳಗ ಡಬಲ್ ಐಪಿಎ (ಹಾಪ್ಸ್ ಹೆಚ್ಚಿಗೆ ಇರೋ ಸ್ಟ್ರಾಂಗ್ ಬಿಯರ್) 20 ಲೀಟರ್ ಟ್ರಯಲ್ ಬ್ಯಾಚ್ ಮಾಡೀವಿ. ಪೇಲ್ ಮಾಲ್ಟ್ (ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ) 6 ಕೆಜಿ, ಕ್ರಿಸ್ಟಲ್ ಮಾಲ್ಟ್ 1 ಕೆಜಿ, ಮ್ಯಾಶ್ (ಮಾಲ್ಟ್ ಬಿಸಿನೀರಾಗ ನೆನಸೋದು) 69 ಡಿಗ್ರಿ. ಕುದಿ ಶುರುವಿಗೆ ಹಾಪ್ಸ್ (ಕಹಿ, ಘಮಾ ಕೊಡೋ ಹೂವು) 100 ಗ್ರಾಂ, ಕಡೀ 10 ನಿಮಿಷಕ್ಕ 50, ಡ್ರೈ ಹಾಪ್ (ಕುದಸದ ಬಿಯರಿನಾಗ ನೆನೆ ಹಾಕೋ ಹಾಪ್ಸ್) 50 ಗ್ರಾಂ ಎಂಟು ದಿನ. ಗ್ರಾವಿಟಿ (ಸಕ್ಕರಿ ಅಂಶ ತೋರ್ಸೋ ಸಾಂದ್ರತೆ) 1.068ರಿಂದ 1.023ಕ್ಕ ಬಂದು ನಿಂತೈತಿ. ಮೊದ್ಲ ಸಿಹಿ, ಆಮ್ಯಾಲೆ ಗಂಟಲಾಗ ಕೂಡೂ ಕಹಿ. ಎರಡು ವಾರದಾಗ ಬಣ್ಣಾನೂ ಕಂದಾತು. ಹಾಪ್ಸ್ ಇನ್ನೂ ಹೆಚ್ಚಿಗೆ ಹಾಕಬೇಕೇನ್ರಿ?

ಉತ್ತರ: ಕುದಿಗೆ ಹೆಚ್ಚಿಗಿ ಬ್ಯಾಡ, ಹಾಕೂ ಹೊತ್ತು ಬದಲಿಸಿ ಕುದಿ ಮುಗದ ಮ್ಯಾಲೆ ಹೆಚ್ಚಿಗಿ ಹಾಕ್ರಿ. ಆದ್ರ ಮೊದ್ಲ ಸಿಹಿ ಇಳಸಬೇಕು. ಒಂದು ಕೆಜಿ ಕ್ರಿಸ್ಟಲ್ ಅಂದ್ರ ಶೇ. 14 ಆತು, ಮ್ಯಾಲೆ 69 ಡಿಗ್ರಿ ಮ್ಯಾಶ್. ಯೀಸ್ಟ್ ತಿನ್ನಲಾರದ ಸಕ್ಕರಿ ಉಳಿದದ. ಮುಂದಿನ ಬ್ಯಾಚಿಗೆ ಪೇಲ್ 7 ಕೆಜಿ, ತಿಳಿ ಕ್ರಿಸ್ಟಲ್ 300 ಗ್ರಾಂ, ಮ್ಯಾಶ್ 65 ಡಿಗ್ರಿಗೆ 75 ನಿಮಿಷ. ಕುದಿ ಮುಗಿಯೂ ಮುಂದ ಬಿಳೀ ಸಕ್ಕರಿ 500 ಗ್ರಾಂ; ಇದನ್ನ ಯೀಸ್ಟ್ ಪೂರ್ತಿ ತಿನ್ನತದ, ಸಿಹಿ ಉಳಿಯೂದಿಲ್ಲ. ಕುದಿ ಮುಗದಾಗ ಕೆಟಲ್‌ನ್ಯಾಗ 23 ಲೀಟರ್ ಇರಲಿ, ಮೂರು ಲೀಟರ್ ಹಾಪ್ಸ್ ಗಸಿಗೇ ಹೋಗ್ತದ. ಶೇ. 65 ಎಫಿಶಿಯನ್ಸಿ (ಮಾಲ್ಟ್‌ನ್ಯಾಗಿನ ಸಕ್ಕರಿ ಕೈಗೆ ಸಿಗೂ ಪ್ರಮಾಣ) ಸಿಕ್ರ 1.070 ಬರ್ತದ, 1.011ಕ್ಕ ಇಳದ್ರ ಆಲ್ಕೋಹಾಲ್ ಶೇ. 7.7. ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಮಿತಿ ಶೇ. 8, ಅದರೊಳಗ ಕೂಡ್ತದ.

ಕಹಿಗೆ ಶೇ. 12 ಆಲ್ಫಾದ (ಕಹಿ ಕೊಡೂ ಆಮ್ಲ) ಮ್ಯಾಗ್ನಮ್ ಹಾಪ್ಸ್ 50 ಗ್ರಾಂ, 60 ನಿಮಿಷ: ಸುಮಾರು 50 ಐಬಿಯು (ಕಹಿ ಅಳತಿ). ಬೆಂಕಿ ಆರಿಸಿ, 80 ಡಿಗ್ರಿಗೆ ಇಳದ ಮ್ಯಾಲೆ ಸಿಟ್ರಾ, ಸಿಮ್ಕೋ ಹಾಪ್ಸ್ ಕೂಡಿಸಿ 100 ಗ್ರಾಂ, 20 ನಿಮಿಷ ತಿರುವ್ರಿ. ಕುದಿಯೂದರಾಗ ಹಾಕಿದ್ರ ಎಣ್ಣಿ ಅಂಶ ಹಬಿಯಾಗಿ ಹಾರಿ ಹೋಗ್ತದ, ಕಹಿ ಅಷ್ಟ ಉಳೀತದ.

ಡ್ರೈ ಹಾಪ್ 160 ಗ್ರಾಂ, ಲೀಟರಿಗೆ 8. ಒರೆಗಾನ್ ಸ್ಟೇಟ್ ಯುನಿವರ್ಸಿಟಿಯವರ 2018ರ ಅಧ್ಯಯನದಾಗ ಲೀಟರಿಗೆ 8 ಗ್ರಾಂ ದಾಟಿದ್ರ ಘಮಾ ಅಷ್ಟೇನು ಏರಲಿಲ್ಲ, ಚಹಾ ಸೊಪ್ಪಿನ ರುಚಿ ಹೆಚ್ಚಾತು. ಎರಡ್ಮೂರು ದಿನ ಸಾಕು. ಎಂಟು ದಿನ ಬಿಟ್ರ ಒಗರು ಹೆಚ್ಚಾಗ್ತದ.

ಕಂದು ಬಣ್ಣ ಗಾಳಿ ಹೊಕ್ಕಿದ್ದರ ಗುರುತು. ಮುಚ್ಚಳಾ ತಗದು ಬಕೆಟ್‌ನಿಂದ ಬಕೆಟ್‌ಗೆ ಸುರುವೂದು ಬಿಡ್ರಿ. ಕೆಗ್‌ನ್ಯಾಗ (ಬಿಯರ್ ಪೀಪಾಯಿ) ಪಾತ್ರಿ ಶುದ್ಧ ಮಾಡೂ ಸ್ಯಾನಿಟೈಸರ್ ತುಂಬಿ, ಸಿಓಟು ಗ್ಯಾಸ್ ಒತ್ತಿ ಅದನ್ನ ಹೊರಗ ಹಾಕಿ, ಆಮ್ಯಾಲೆ ಬಿಯರ್ ಒಳಗ ಬಿಡ್ರಿ.

ಪ್ರಶ್ನೆ (ಗದಗ): ಸಕ್ಕರಿ ಬದ್ಲಿ ಬೆಲ್ಲಾ ಹಾಕಿದ್ರ ನಡೀತದೇನ್ರಿ? ನೀರು, ಯೀಸ್ಟ್ ಬಗ್ಗೆನೂ ಹೇಳ್ರಿ.

ಉತ್ತರ: ಬೆಲ್ಲಾ ಹೋಳಿಗಿಗೆ ಇರಲಿ. ಅದರ ಕಾಕಂಬಿ ರುಚಿ ಸಿಟ್ರಾದ ಹಣ್ಣಿನ ಘಮಾ ಮುಚ್ಚತದ. ಬೋರಿನ ಗಡಸು ನೀರು ಬ್ಯಾಡ. ಆರ್‌ಓ ನೀರು 35 ಲೀಟರಿಗೆ ಜಿಪ್ಸಮ್ 10 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 3 ಗ್ರಾಂ. ಮ್ಯಾಶ್ ಪಿಎಚ್ 5.2ರಿಂದ 5.4. ನಳದ ನೀರು ಬಳಸೂದಾದ್ರ ಮೊದ್ಲ ಟೆಸ್ಟ್ ಮಾಡಸ್ರಿ, ಕ್ಲೋರಿನ್ ತಗೀರಿ. ಇಲ್ಲಾಂದ್ರ ದವಾಖಾನಿ ವಾಸನಿ.

ಯುಎಸ್-05 ಅನ್ನೂ ಒಣ ಯೀಸ್ಟ್, 11.5 ಗ್ರಾಮಿನ ಎರಡು ಪಾಕೀಟು, 18-19 ಡಿಗ್ರಿ. ಇದು ಕೋಣಿ ಉಷ್ಣ ಅಲ್ಲ, ಬಿಯರಿನ ಉಷ್ಣ. ಏಪ್ರಿಲ್‌ನ್ಯಾಗ ಫ್ರೀಜರ್, ಕಂಟ್ರೋಲರ್ ಇಲ್ಲದ ಕೈ ಹಾಕಬ್ಯಾಡ್ರಿ. ಉಷ್ಣ ಏರಿದ್ರ ಥಿನ್ನರಿನಂಥ ಖಾರ ಬರ್ತದ.

ಪ್ರಶ್ನೆ (ಹುಬ್ಬಳ್ಳಿ): ಡ್ರೈ ಹಾಪ್ ಮ್ಯಾಲೆ ಗ್ರಾವಿಟಿ ಮತ್ತ ಇಳೀತೈತಿ. ಕೆಟ್ಟೈತೇನ್ರಿ?

ಉತ್ತರ: ಇಲ್ರಿ. ಹಾಪ್ಸ್‌ನ್ಯಾಗಿನ ಕಿಣ್ವ ಉಳದ ಡೆಕ್ಸ್‌ಟ್ರಿನ್ (ಯೀಸ್ಟ್ ತಿನ್ನಲಾರದ ಸಕ್ಕರಿ) ಒಡೀತಾವ, ಯೀಸ್ಟ್ ಮತ್ತ ತಿನ್ನತದ. ಇದಕ್ಕ ಹಾಪ್ ಕ್ರೀಪ್ ಅಂತಾರ. ಆಗ ಬೆಣ್ಣಿ ವಾಸನಿ ಏಳಬಹುದು. 19 ಡಿಗ್ರಿಗೇ ಬಿಟ್ಟು, ಎರಡು ದಿನ ಗ್ರಾವಿಟಿ ಅಲ್ಲಾಡದ ನಿಂತು, ವಾಸನಿ ಹೋದ ಮ್ಯಾಲೇ ತಣ್ಣಗ ಮಾಡ್ರಿ. ಅದಕ್ಕೂ ಮೊದ್ಲ ಬಾಟಲಿಗೆ ತುಂಬಿದ್ರ ಬಾಟಲಿ ಸಿಡೀಬಹುದು.