ಮುರಕಲ್ಲಿನ ವಯಸ್ಸು, ಆದಿಕಾಂಡದ ಲೆಕ್ಕ

ಚಂದ್ರಗಿರಿ:
ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡ್ತಾ ಉಂಟು: ‘ಭೂಮಿಗೆ 6,000 ವರ್ಷ, ಕಾರ್ಬನ್ ಡೇಟಿಂಗ್ ಸುಳ್ಳು’. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ತೆಗೆದ ಲೆಕ್ಕ ಅದು. ಭೂಮಿಯ ವಯಸ್ಸು ಹೇಳುವುದು ಕಾರ್ಬನ್ ಅಲ್ಲವೇ ಅಲ್ಲ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 5,730 ವರ್ಷ; ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕೆಗಳ ಸೀಸ (ಯುರೇನಿಯಂ ಕ್ಷಯಿಸಿ ಕೊನೆಗೆ ಆಗುವುದು ಸೀಸ) ಅಳೆದು 455 ಕೋಟಿ ವರ್ಷ ಎಂದರು, ಹೆಚ್ಚುಕಡಿಮೆ 7 ಕೋಟಿ. ಈಗಿನ ಅಂಕೆ 454 ಕೋಟಿ.

ಆದಿಕಾಂಡ 1:
‘ಹೆಚ್ಚುಕಡಿಮೆ 7 ಕೋಟಿ’! ಅಂಗಡಿ ಲೆಕ್ಕದಲ್ಲಿ 7 ರೂಪಾಯಿ ತಪ್ಪಿದರೂ ಯಾರೂ ಬಿಡುವುದಿಲ್ಲ. ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯಲ್ಲಿ 1986ರಲ್ಲಿ ಗಟ್ಟಿಯಾದ ಬಂಡೆಗೆ ಪೊಟ್ಯಾಸಿಯಂ-ಆರ್ಗಾನ್ ವಿಧಾನ ಕೊಟ್ಟ ವಯಸ್ಸು 3.5 ಲಕ್ಷ ವರ್ಷ. ಅಷ್ಟು ದೂರ ಯಾಕೆ, ಮನೆ ಕಟ್ಟುವ ನಮ್ಮ ಕೆಂಪು ಮುರಕಲ್ಲೇ ನೋಡಿ. ಕೋರೆಯಲ್ಲಿ ಕಡಿಯುವಾಗ ಮೆತ್ತಗೆ, ಬಿಸಿಲು ಕಂಡ ಮೇಲೆ ಗಟ್ಟಿ. ಕಲ್ಲಾಗಲು ಕೋಟಿ ವರ್ಷ ಬೇಡ.

ಪಾದೆಕಲ್ಲು:
ಎಂತ ಮಾತು ಮಾರಾಯ್ರೆ! ಗಟ್ಟಿಯಾಗುವುದು ಬೇರೆ, ಕಲ್ಲು ಹುಟ್ಟುವುದು ಬೇರೆ. ಕಡಿದ ಕಲ್ಲಿನ ನೀರಿನಂಶ ಆರಿದಾಗ ಒಳಗಿನ ಕಬ್ಬಿಣದ ಅಂಶ ಹರಳುಗಟ್ಟಿ ಬಿಗಿಯುತ್ತದೆ, ಅಷ್ಟೆ. ಅದು ಹುಟ್ಟಿದ್ದು ಅದಕ್ಕೂ ಎಷ್ಟೋ ಮುಂಚೆ: ಅಡಿಯ ಕರಿಬಂಡೆ ಕೊಳೆತು, ಲಕ್ಷಾಂತರ ವರ್ಷಗಳ ಮಳೆ ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ ತೊಳೆದುಕೊಂಡು ಹೋಗಿ, ಕಬ್ಬಿಣ-ಅಲ್ಯೂಮಿನಿಯಂ ಮಾತ್ರ ಉಳಿದು. ಕೋರೆ ಆಳಕ್ಕೆ ಇಳಿದ ಹಾಗೆ ಕಲ್ಲು ಮೆತ್ತಗಾಗಿ ಶೇಡಿ ಮಣ್ಣು (ಜೇಡಿಯಂಥ ಮೆತ್ತನೆ ಮಣ್ಣು) ಸಿಗುತ್ತದೆ, ಅದರ ಕೆಳಗೆ ಮೂಲ ಬಂಡೆ. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಸುರಂಗ ತೋಡುವವರು ಶೇಡಿ ಮಣ್ಣು ಕಂಡರೆ ಹೆದರುವುದು ಸುಮ್ಮನೆ ಅಲ್ಲ, ನೀರು ಕುಡಿದರೆ ಕುಸಿಯುತ್ತದೆ.

ಆದಿಕಾಂಡ 1:
‘ಲಕ್ಷಾಂತರ’ ಅಂದಿರಿ. ಮೇಲಿನವರು ಹೇಳಿದ್ದು ಕೋಟಿಗಟ್ಟಲೆ. ಮೊದಲು ನಿಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಿ.

ಮೊಗ್ರಾಲ್ ಹೊಳೆ:
ಮುರಕಲ್ಲನ್ನು ಹಗುರ ಮಾಡಬೇಡಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದೇ ನಮ್ಮ ಕಾಸರಗೋಡಿನ ಕಲ್ಲಿಗೆ. ಬೇಕಲ ಕೋಟೆ ನಿಂತಿರುವುದೂ ಅದರಲ್ಲೇ.

ಪಾದೆಕಲ್ಲು:
ಕಾಸರಗೋಡಿನದಕ್ಕಲ್ಲ. ಮಲಪ್ಪುರದ ಅಂಗಾಡಿಪ್ಪುರಂ. ಬುಕಾನನ್‌ನ 1807ರ ಪುಸ್ತಕದಲ್ಲೇ ಉಂಟು. ಇಟ್ಟಿಗೆಗೆ ಲ್ಯಾಟಿನ್‌ನಲ್ಲಿ ‘ಲೇಟರ್’, ಅದರಿಂದ ಬಂದ ಹೆಸರು. ಅಂಗಾಡಿಪ್ಪುರಂನಲ್ಲಿ ಸ್ಮಾರಕವೇ ಉಂಟು.

ಮೊಗ್ರಾಲ್ ಹೊಳೆ:
ಸ್ಮಾರಕ ಎಲ್ಲಿದ್ದರೇನು, ಕಲ್ಲು ಒಂದೇ ಅಲ್ವಾ? ಬುಕಾನನ್ ಈ ದಾರಿಯಾಗಿಯೇ ಮಂಗಳೂರಿಗೆ ಹೋದದ್ದು.

ಪಾದೆಕಲ್ಲು:
ದಾರಿಯಲ್ಲಿ ಹೋದವನು ಕಂಡದ್ದಕ್ಕೆಲ್ಲ ಅಲ್ಲೇ ನಿಂತು ಹೆಸರಿಡುತ್ತಾನೆಯೇ? ಒಂದು ತಪ್ಪು ಒಪ್ಪಿಕೊಂಡರೆ ಗಂಟೇನೂ ಹೋಗುವುದಿಲ್ಲ.

ಚಂದ್ರಗಿರಿ:
ಬುಕಾನನ್‌ನನ್ನು ಬಿಡಿ. ಸೇಂಟ್ ಹೆಲೆನ್ಸ್‌ನ ಬಂಡೆಯಲ್ಲಿ ಹಿಂದೆಯೇ ಹುಟ್ಟಿದ ಹರಳುಗಳು ಹಳೆಯ ಆರ್ಗಾನ್ ಹೊತ್ತುಕೊಂಡು ಬಂದಿದ್ದವು. ಈ ವಿಧಾನ ಅಳೆಯುವುದು ಪೊಟ್ಯಾಸಿಯಂ-40 ಕ್ಷಯಿಸಿ ಆಗುವ ಆರ್ಗಾನ್ ಅನಿಲವನ್ನು; ಪೊಟ್ಯಾಸಿಯಂ-40ರ ಅರ್ಧಾಯುಷ್ಯ 125 ಕೋಟಿ ವರ್ಷ. ಹತ್ತು ವರ್ಷದ ಬಂಡೆಗೆ ಆ ವಿಧಾನ ಹಚ್ಚುವುದು ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಜಿರ್ಕಾನ್ ಹರಳು ನೋಡಿ. ಹರಳಾಗುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗಿಡುತ್ತದೆ. ಅರ್ಧಾಯುಷ್ಯ ಯುರೇನಿಯಂ-238ಕ್ಕೆ 447 ಕೋಟಿ ವರ್ಷ, 235ಕ್ಕೆ 70 ಕೋಟಿ: ಒಂದೇ ಹರಳಲ್ಲಿ ಎರಡು ಗಡಿಯಾರ. ಸೀಸ ಸೋರಿದರೆ ಎರಡೂ ತಾಳೆಯಾಗುವುದಿಲ್ಲ, ಕೂಡಲೇ ಗೊತ್ತಾಗುತ್ತದೆ.

ಆದಿಕಾಂಡ 1:
‘ಹೆಚ್ಚುಕಡಿಮೆ ಹೊರಗಿಡುತ್ತದೆ’. ಮತ್ತೆ ಅದೇ ಹೆಚ್ಚುಕಡಿಮೆ!

ಬೇಳದ ಗಂಟೆ:
ಕ್ರೈಸ್ತರೆಲ್ಲ 6,000 ಎನ್ನುತ್ತಾರೆ ಎಂದು ಯಾರೂ ತಿಳಿಯಬೇಡಿ. ಸೃಷ್ಟಿ ಕ್ರಿ.ಪೂ. 4004ರಲ್ಲಿ ಎನ್ನುವುದು ಆರ್ಚ್‌ಬಿಷಪ್ ಅಷರ್ ಆದಿಕಾಂಡದ ವಂಶಾವಳಿಯ ವಯಸ್ಸುಗಳನ್ನೂ ಕೂಡಿಸಿ 1650ರಲ್ಲಿ ಪ್ರಕಟಿಸಿದ ಲೆಕ್ಕ. ಅದೇ ಆದಿಕಾಂಡದ ಗ್ರೀಕ್ ಅನುವಾದ ಹಿಡಿದರೆ ಸೃಷ್ಟಿ ಸುಮಾರು ಕ್ರಿ.ಪೂ. 5500ಕ್ಕೆ ಹೋಗುತ್ತದೆ, ಕೆಲವು ಗ್ರೀಕ್ ಪ್ರತಿಗಳ ಪ್ರಕಾರ ನೋಹನ ಅಜ್ಜ ಮೆತೂಷೆಲಹ ಜಲಪ್ರಳಯ ಮುಗಿದು 14 ವರ್ಷ ಬದುಕುತ್ತಾನೆ, ನೋಹನ ನಾವೆ ಹತ್ತದೆಯೇ! 1951ರಲ್ಲಿ ಹನ್ನೆರಡನೇ ಪಯಸ್ ಪೋಪರು ವಿಜ್ಞಾನಿಗಳ ಮುಂದೆ ಕೋಟಿಗಟ್ಟಲೆ ವರ್ಷಗಳ ಲೆಕ್ಕವನ್ನು ಸ್ವಾಗತಿಸಿದರು. ಬಂಡೆಗಳಲ್ಲಿ ಕೆಳಗಿನ ಪದರ ಹಳೆಯದು ಎಂಬ ಸೂತ್ರ 1669ರಲ್ಲಿ ಕೊಟ್ಟ ಸ್ಟೆನೊ ಆಮೇಲೆ ಬಿಷಪರಾದರು.

ಆದಿಕಾಂಡ 1:
ಪೋಪರು ನಮಗೆ ಪ್ರಮಾಣ ಅಲ್ಲ. ಬೈಬಲಿನ ವಿಮೋಚನಕಾಂಡ 20:11 ಓದಿ, ಆರು ದಿನ ಎಂದೇ ಉಂಟು.

ಬೇಳದ ಗಂಟೆ:
ಸೂರ್ಯ ಉಂಟಾದದ್ದು ನಾಲ್ಕನೇ ದಿನ. ಮೊದಲ ಮೂರು ಸಂಜೆ ಎಂಥವು ಎಂದು ಸಂತ ಅಗಸ್ಟೀನರೇ ತಲೆ ಕೆಡಿಸಿಕೊಂಡಿದ್ದರು. ವಂಶಾವಳಿಯಲ್ಲೂ ಹೆಸರು ಬಿಡುವುದುಂಟು: ಯೇಸುವಿನ ವಂಶಾವಳಿ ಹೇಳುವ ಮತ್ತಾಯ 1:8ರಲ್ಲಿ ಯೋರಾಮನಿಗೂ ಉಜ್ಜೀಯನಿಗೂ ನಡುವೆ ಮೂವರು ರಾಜರೇ ಇಲ್ಲ.

ಆದಿಕಾಂಡ 1:
ಮತ್ತಾಯನಲ್ಲಿ ವಯಸ್ಸಿನ ಅಂಕೆ ಇಲ್ಲ. ಆದಿಕಾಂಡ 5ರಲ್ಲಿ ಇಂತಿಷ್ಟು ವರ್ಷಕ್ಕೆ ಇಂಥವನನ್ನು ಪಡೆದನು ಎಂದೇ ಉಂಟು. ನಡುವೆ ಹತ್ತು ಹೆಸರು ಬಿಟ್ಟರೂ ಮೊತ್ತ ಬದಲಾಗುವುದಿಲ್ಲ.

ಚಂದ್ರಗಿರಿ:
ತರ್ಕ ಚೆನ್ನಾಗಿದೆ. ಆ ಅಂಕೆಗಳೇ ಹೀಬ್ರೂ, ಗ್ರೀಕ್ ಪ್ರತಿಗಳಲ್ಲಿ ಬೇರೆ ಬೇರೆ ಎಂದು ಮೇಲೆ ಹೇಳಿದ್ದಕ್ಕೆ ಉತ್ತರ ಎಲ್ಲಿ?

ಆದಿಕಾಂಡ 1:
ಮೂಲ ಹೀಬ್ರೂ. ಅಲ್ಲಿಗೆ ಮುಗಿಯಿತು. ಮುರಕಲ್ಲು ನಾನು ಉದಾಹರಣೆಗೆ ಹೇಳಿದ್ದಷ್ಟೆ.

ಪಾದೆಕಲ್ಲು:
‘ಕಲ್ಲಾಗಲು ಕೋಟಿ ವರ್ಷ ಬೇಡ’ ಎಂದು ಬರೆದವರು ನೀವೇ. ಈಗ ಹೋಗಿ ಅದನ್ನು ಅಳಿಸಬೇಡಿ.

ಮೊಗ್ರಾಲ್ ಹೊಳೆ:
ಆದರೂ ಬುಕಾನನ್ ಬೇಕಲಕ್ಕೆ ಬಂದದ್ದು ಹೌದು.