‘ಇನೆಕ್ಸರಬಲ್’ ಕ್ಯಾಪ್ಟನ್ ಅನ್ನಬಹುದಾ?

ಪ್ರಶ್ನೆ: ಮೇಡಂ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ‘ಅನ್‌ಸ್ಟಾಪಬಲ್’ ಪದಕ್ಕೆ ಸಮಾನಾರ್ಥಕ ‘ಇನೆಕ್ಸರಬಲ್’ ಅಂತ ಗೈಡ್‌ನಲ್ಲಿತ್ತು. ಕ್ರಿಕೆಟ್ ಬಗ್ಗೆ ಪ್ರಬಂಧ ಬರೆಯುವಾಗ ‘ಅವರ್ ಇನೆಕ್ಸರಬಲ್ ಕ್ಯಾಪ್ಟನ್’ ಅಂತ ಹಾಕಿದೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನಕ್ಕರು, ಕಾರಣ ಹೇಳಲಿಲ್ಲ. ತಪ್ಪೇನು?

ಉತ್ತರ (ಅನುವಾದಕಿ): ನಕ್ಕಿದ್ದಕ್ಕೆ ಕಾರಣ ಇದೆ ಬಿಡಿ. ನೀವು ಹೊಗಳಲು ಹೋಗಿ ಕ್ಯಾಪ್ಟನ್‌ನ ಕಲ್ಲೆದೆಯವನನ್ನಾಗಿ ಮಾಡಿದ್ದೀರಿ! ಲ್ಯಾಟಿನ್ನಿನಲ್ಲಿ ‘ಎಕ್ಸೋರಾರೆ’ ಅಂದರೆ ಬೇಡಿ ಬೇಡಿ ಮನಸ್ಸು ಕರಗಿಸುವುದು. ಅದಕ್ಕೆ ‘ಇನ್’ ಸೇರಿತು ಅಂದರೆ, ಎಷ್ಟು ಗೋಗರೆದರೂ ಜಗ್ಗದ್ದು. ಅಲ್ಲಿ ಬಲದ ಮಾತಿಲ್ಲ, ಕಿವುಡುತನದ ಮಾತು. ನಮ್ಮ ಯಮನೂ ಈ ಪದಕ್ಕೆ ಪಾಸಾಗಲ್ಲ ನೋಡಿ. ಸಾವಿತ್ರಿ ಬೆನ್ನುಹತ್ತಿ ಮಾತಾಡಿದ್ದಕ್ಕೆ ಮಣಿದುಬಿಟ್ಟ.

ಇವತ್ತಿನ ಇಂಗ್ಲಿಷಿನಲ್ಲಿ ಇದನ್ನು ಹೆಚ್ಚಾಗಿ ನಿಧಾನವಾಗಿ, ಆದರೆ ನಿಲ್ಲದೆ ಸಾಗುವುದಕ್ಕೆ ಬಳಸುತ್ತಾರೆ: ಕಾಲ, ಮುಪ್ಪು, ಬೆಲೆ ಏರಿಕೆ. ಒಂದೇ ಸಂಜೆ ಎಲ್ಲ ಬೌಲರ್‌ಗಳನ್ನೂ ಚಚ್ಚುವವನಿಗೆ ‘ಅನ್‌ಸ್ಟಾಪಬಲ್’ ಸಾಕು. ಬಿಡುವೇ ಕೊಡದೆ ಒತ್ತಡ ಹಾಕಿದರೆ ‘ರಿಲೆಂಟ್‌ಲೆಸ್’. ಸೋತರೂ ಕುಗ್ಗದವನಿಗೆ ‘ಇಂಡಾಮಿಟಬಲ್’. ಕ್ಯಾಮರೂನ್ ಫುಟ್‌ಬಾಲ್ ತಂಡದ ಅಡ್ಡಹೆಸರಿನಲ್ಲಿರುವ ಸಿಂಹಗಳು ಇದೇ ಜಾತಿಯವು. ಈ ಪದ ನನಗೆ ಇಷ್ಟ, ಯಾಕೆಂದರೆ ಅದರೊಳಗಿನ ‘ಪಳಗಿಸು’ ಎಂಬ ಲ್ಯಾಟಿನ್ ಧಾತುವೂ ನಮ್ಮ ‘ಅದಮ್ಯ’ದ ‘ದಮ್’ ಧಾತುವೂ ಒಂದೇ ಮೂಲದವು. ಇಷ್ಟು ಹತ್ತಿರದ ಜೋಡಿ ಅನುವಾದದಲ್ಲಿ ಅಪರೂಪಕ್ಕೆ ಸಿಗುತ್ತದೆ.

ಅಂದಹಾಗೆ, ಉಚ್ಚಾರಣೆಯಲ್ಲಿ ಒತ್ತು ‘ನೆ’ ಮೇಲೆ. ‘ಇನೆಕ್ಸೋರಬಲ್’ ಅಂತ ‘ಸೋ’ ಎಳೆಯಬೇಡಿ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ‘ಇನೆಕ್ಸರಬಲ್ ರೈಸ್ ಆಫ್ ದಿ ಸೀ’ ಅನ್ನೋದನ್ನು ಕನ್ನಡಕ್ಕೆ ಹೇಗೆ ತರೋದು ಮೇಡಂ? ನಾನು ‘ಸಮುದ್ರದ ನಿರ್ದಯ ಏರಿಕೆ’ ಅಂತ ಬರೆದಿದ್ದೇನೆ.

ಉತ್ತರ: ಅಯ್ಯೋ, ಸಮುದ್ರಕ್ಕೆ ದಯೆ ಯಾವಾಗ ಇತ್ತು ಸರ್! ‘ಅನಿವಾರ್ಯ ಏರಿಕೆ’ ಅಂದರೂ ಏರಲೇಬೇಕಾದ ಅಗತ್ಯವೇನೋ ಇದ್ದ ಹಾಗೆ ಕೇಳುತ್ತದೆ. ವಿಶೇಷಣದ ಹಟ ಬಿಟ್ಟು ಕ್ರಿಯಾಪದಕ್ಕೆ ಬನ್ನಿ. ‘ಯಾರು ಏನೇ ಅನ್ನಲಿ, ಕಡಲು ಏರುತ್ತಲೇ ಇದೆ.’ ಇಂಗ್ಲಿಷಿನ ಆ ಉದ್ದ ಪದದ ಅರ್ಧ ಕೆಲಸವನ್ನು ಇಲ್ಲಿ ‘ಲೇ’ ಒಂದೇ ಮಾಡಿ ಮುಗಿಸುತ್ತದೆ.