ಇಎಂಸಿಗೆ ‘ಹೊಂದಾಣಿಕೆ’ ಸಾಕಾ? ‘ಒದರು’, ‘ತಾಳು’ ಬಗ್ಗೆ ಕೇಳಬೇಕಿತ್ತು

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪ್‌ಸೆಟ್ ಸ್ಟಾರ್ಟರ್‌ಗೆ ಸರ್ಕ್ಯೂಟ್ ಬೋರ್ಡ್ ಮಾಡುವ ಕೆಲಸ ನನ್ನದು. ವೈರಿಂಗ್ ಮಾಡುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಎಂಸಿ (ಎಲೆಕ್ಟ್ರೋಮ್ಯಾಗ್ನೆಟಿಕ್ ಕಂಪ್ಯಾಟಿಬಿಲಿಟಿ) ಅಧ್ಯಾಯಕ್ಕೆ ಬಂದು ಪೆನ್ನು ನಿಂತಿದೆ.

ಪುಸ್ತಕದ ಮಾತಿನಲ್ಲಿ ಇದು ‘ವಿದ್ಯುತ್ಕಾಂತೀಯ ಹೊಂದಾಣಿಕೆ’. ತಪ್ಪೇನಿಲ್ಲ. ಆದರೆ ಹೊಂದಾಣಿಕೆ ಅಂದ್ರೆ ಯಾರೋ ಒಬ್ಬರು ಸೋತು ಸುಮ್ಮನಾದ ಹಾಗೆ ಕೇಳಿಸುತ್ತದೆ, ಅಲ್ವಾ? ಇಲ್ಲಿ ವಿಷಯ ಬೇರೆ. ಪ್ರತಿ ಉಪಕರಣಕ್ಕೂ ಎರಡು ಕಟ್ಟಳೆ. ಪಕ್ಕದವರಿಗೆ ಕಾಟ ಕೊಡಬಾರದು. ಪಕ್ಕದವರ ಕಾಟಕ್ಕೆ ಕೆಡಬಾರದು. ಈ ಎರಡಕ್ಕೂ ನನಗೆ ಒಳ್ಳೆಯ ಪದ ಬೇಕು.

ಮೊದಲನೆಯದಕ್ಕೆ, ಅಂದರೆ ಇಂಗ್ಲಿಷಿನ ಎಮಿಷನ್‌ಗೆ, ಎಲ್ಲರೂ ‘ಹೊರಸೂಸುವಿಕೆ’ ಬರೆಯುತ್ತಾರೆ. ಸೂಸುವುದು ಪರಿಮಳ, ಬೆಳದಿಂಗಳು, ನಗೆ. ಕಾಟಕ್ಕೆ ಆ ಪದ ಒಗ್ಗುವುದಿಲ್ಲ. ಮುಧೋಳದ ಹತ್ತಿರ ಒಂದು ಕಬ್ಬಿನ ತೋಟದಲ್ಲಿ ನಮ್ಮ ಹೊಸ ಬೋರ್ಡ್ ಹಾಕಿ ನೋಡುತ್ತಿದ್ದೆವು. ಸ್ವಿಚ್ ಹಾಕಿದ್ದೇ ತಡ, ಕಟ್ಟೆ ಮೇಲಿನ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಮುಳುಗಿಹೋಗಿ ಬರೀ ಗುರ್ ಅನ್ನುವ ಸದ್ದು. ತೋಟದ ಅಜ್ಜ ಅಂದರು: “ನಿಮ್ಮ ಡಬ್ಬಿ ಒದರಾಕತ್ತೈತ್ರಿ, ರೇಡಿಯೋ ಕೇಳಸವಲ್ದು.”

ಎಷ್ಟು ಸರಿಯಾದ ಮಾತು! ಬೋರ್ಡಿನ ಪವರ್ ಸಪ್ಲೈ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಆ ವೇಗದ ಎರಡು ಪಟ್ಟು, ಮೂರು ಪಟ್ಟು, ಹೀಗೆ ಹಲವು ಪಟ್ಟಿನ ಕಂಪನಗಳು ಕರೆಂಟ್ ವೈರ್ ಹಿಡಿದು ಹೊರಗೆ ಬರುತ್ತವೆ. ಧಾರವಾಡ ಕೇಂದ್ರ ಇರುವುದು 765 ಕಿಲೋಹರ್ಟ್ಸ್‌ನಲ್ಲಿ. ವೈರಿನಲ್ಲಿ ಬರುವ ಈ ಗದ್ದಲವನ್ನು ಲ್ಯಾಬಿನಲ್ಲಿ ಸಾಮಾನ್ಯವಾಗಿ 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತಾರೆ. ಅಂದರೆ ಅಜ್ಜನ ರೇಡಿಯೋ ಆ ಪಟ್ಟಿಯ ಒಳಗೇ ಇದೆ. ಈ ಗದ್ದಲ ಸೋಸುವ ಫಿಲ್ಟರ್ ಹಾಕಿದ ಮೇಲೆ ಬೋರ್ಡ್ ಸುಮ್ಮನಾಯಿತು.

ಹಾಗಾಗಿ ‘ಒದರು’ ಅಂತಲೇ ಬರೆಯೋಣ ಅನ್ನಿಸಿದೆ. ನಾಮಪದ ‘ಒದರಿಕೆ’ಯೋ, ಮನೆಯಲ್ಲಿ ಅನ್ನುವ ಹಾಗೆ ‘ಒದರಾಟ’ವೋ? ಇನ್ನೊಂದು ಅನುಮಾನ. ಬಟ್ಟೆ ಒದರು, ಅಂದರೆ ಕೊಡವು ಅನ್ನುವ ಅರ್ಥವೂ ಇದೆ. ಮೈಸೂರು ಕಡೆಯ ಓದುಗರಿಗೆ ಮೊದಲು ಯಾವುದು ಹೊಳೆಯುತ್ತದೆ?

ಎರಡನೆಯದು ಇನ್ನೂ ಕಷ್ಟ. ಅದೇ ತೋಟದಲ್ಲಿ ಮೋಟಾರ್ ಆಫ್ ಮಾಡಿದಾಗಲೆಲ್ಲ ಬೋರ್ಡ್ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಕಾಂಟ್ಯಾಕ್ಟರ್ (ಮೋಟಾರನ್ನು ಆನ್ ಆಫ್ ಮಾಡುವ ಕಾಂತದ ಸ್ವಿಚ್) ಕಾಯಿಲ್‌ನ ಕರೆಂಟ್ ಒಮ್ಮೆಲೇ ಕಡಿದಾಗ, ಅದರಲ್ಲಿ ಕೂತಿದ್ದ ಶಕ್ತಿ ದೊಡ್ಡ ವೋಲ್ಟೇಜಾಗಿ ಚಿಮ್ಮುತ್ತದೆ. ಅದೇ ಬೋರ್ಡಿಗೆ ಏಟು. ಕಾಯಿಲ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಕೆಪಾಸಿಟರ್ ಜೋಡಿ ಹಾಕಿದೆವು. ಸೆನ್ಸರ್‌ನ ಎರಡು ವೈರುಗಳನ್ನು ಹೆಣೆದು ದೂರಕ್ಕೆ ಸರಿಸಿದೆವು. ಸರಿಹೋಯಿತು.

ಇಂಥ ಏಟಿಗೆ ಕೆಡದೆ ನಿಲ್ಲುವ ಗುಣಕ್ಕೆ, ಇಂಗ್ಲಿಷಿನ ಇಮ್ಯೂನಿಟಿಗೆ, ಏನನ್ನೋಣ? ‘ನಿರೋಧಕತೆ’ ಅಂದ್ರೆ ರೋಗದ ನೆನಪು, ಇಲ್ಲವೇ ರೆಸಿಸ್ಟರ್‌ನ ನೆನಪು. ‘ತಡೆ’ಯೂ ಬೇಡ. ಬೋರ್ಡ್ ಏಟನ್ನು ತಡೆಯುವುದಿಲ್ಲ, ತಿಂದುಕೊಂಡೇ ಕೆಲಸ ಮಾಡುತ್ತದೆ. ‘ತಾಳಿಕೆ’ ಇಷ್ಟವಾಗಿತ್ತು. ಆದರೆ ಅಂಗಡಿಯಲ್ಲಿ ‘ತಾಳಿಕೆ ಬರುತ್ತೆ’ ಅಂದರೆ ಜಾಸ್ತಿ ವರ್ಷ ಬಾಳುತ್ತೆ ಅಂತ.

ಗ್ರೌಂಡ್, ಫಿಲ್ಟರ್ ಹಾಗೇ ಇರಲಿ. ಬೋರ್ಡಿನ ಗ್ರೌಂಡನ್ನು (ಸೊನ್ನೆ ವೋಲ್ಟೇಜ್ ಅಂತ ಹಿಡಿಯುವ ಗೆರೆ) ‘ನೆಲ’ ಅಂದರೆ ಹುಡುಗರು ಅರ್ಥಿಂಗ್ ಗೂಟ ಅಂತಲೇ ತಿಳಿದಾರು.

ಸದ್ಯಕ್ಕೆ ‘ಬೋರ್ಡ್ ಒದರಬಾರದು’, ‘ಬೋರ್ಡ್ ತಾಳಬೇಕು’ ಅಂತ ಎರಡು ತಲೆಬರಹ ಹಾಕಿದ್ದೇನೆ. ವಿಜಯಪುರ, ಬಾಗಲಕೋಟೆ ಕಡೆ ಮೋಟಾರ್ ರಿವೈಂಡಿಂಗ್ ಮಾಡುವವರು ಈ ‘ತಾಳು’ವಿಗೆ ಬೇರೆ ಮಾತು ಬಳಸುತ್ತಾರಾ? ಕೇಳಿದ್ದರೆ ತಿಳಿಸಿ.